ಮಿಕ್ಕ ಸೌರವಿದ್ಯುತ್ತಿನಿಂದ ಬಿಸಿನೀರು

ಊರಿಗಾಂ ಸೇರಿದಂತೆ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಇಂದು ಅಲ್ಲಿಯ ಮನೆಯ ಚಾವಣಿಯೇ ಪುಟ್ಟ ವಿದ್ಯುತ್ ಕೇಂದ್ರವಾಗಬಲ್ಲದು. ಆದರೆ ನಡುಹಗಲು ಉತ್ಪಾದನೆ ಹೆಚ್ಚು, ಬಳಕೆ ಕಡಿಮೆ. ಮಿಕ್ಕದ್ದನ್ನು ಬಿಸಿನೀರಾಗಿ ಕೂಡಿಡಬಹುದು.

ಮೀಟರಿನ ಬಳಿಯ ಸಂವೇದಕವು ವಿದ್ಯುತ್ತು ಹೊರಹೋಗುವುದನ್ನು ಗುರುತಿಸುತ್ತದೆ. ನಿಯಂತ್ರಕವು ಅಷ್ಟನ್ನೇ ನೀರಿನ ತೊಟ್ಟಿಯ ಹೀಟರಿಗೆ ಕಳಿಸುತ್ತದೆ. ಮೋಡ ಕವಿದರೆ ತಾನೇ ತಗ್ಗಿಸುತ್ತದೆ.

ಲೆಕ್ಕ ನೋಡೋಣ. 100 ಲೀಟರ್ ನೀರನ್ನು 20ರಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು 100×4.2×30=12,600 ಕಿಲೋಜೂಲ್ ಬೇಕು. ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್; ಆದ್ದರಿಂದ 3.5 ಯೂನಿಟ್.

ಇದು ಲಾಭವೇ? ಜಾಲಕ್ಕೆ ಕೊಟ್ಟ ಯೂನಿಟ್ಟಿಗೆ ಸಿಗುವ ದರ, ನೀರು ಕಾಯಿಸಲು ಕೊಳ್ಳುವ ಯೂನಿಟ್ಟಿನ ದರಕ್ಕಿಂತ ಕಡಿಮೆಯಿದ್ದರೆ ಮಾತ್ರ. ಎರಡೂ ಸಮನಾಗಿದ್ದರೆ ಜಾಲಕ್ಕೆ ಕೊಡುವುದೇ ಸರಿ.