ನಿಂತ ಕೋಶವನ್ನು ನಡೆಸಿದ ಹಳೇ ಮಾತ್ರೆ

ಮಿದುಳಿನ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಅದಿದ್ದರೇ ಸಂಕೇತಗಳ ಓಟ ಚುರುಕು. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಹೊದಿಕೆಯನ್ನು ಹಾಳುಮಾಡುತ್ತದೆ. ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಈಗಿನ ಔಷಧಗಳು ಆ ದಾಳಿಯನ್ನು ತಗ್ಗಿಸುತ್ತವೆ, ಹೋದ ಹೊದಿಕೆಯನ್ನು ಮರಳಿ ಕೊಡುವುದಿಲ್ಲ.

ಹೊದಿಕೆ ಹಾಕಬಲ್ಲ ಕೋಶಗಳು ಮಿದುಳಿನಲ್ಲೇ ಇವೆ. ನರ ಆಕರಕೋಶಗಳ ಸಂತತಿಯಾದ ಇವು ವಯಸ್ಕರಲ್ಲೂ ಎಳೆಯವಾಗಿಯೇ ಉಳಿದಿರುತ್ತವೆ. ಗಾಯವಾದಲ್ಲಿಗೆ ಬರುತ್ತವೆ ಕೂಡ. ಆದರೆ ಎಷ್ಟೋ ಸಲ ಬಲಿಯದೆ ಅಲ್ಲೇ ನಿಂತುಬಿಡುತ್ತವೆ. ಅವನ್ನು ಮುಂದಕ್ಕೆ ನಡೆಸುವ ಸಣ್ಣ ಅಣು ಸಿಕ್ಕರೆ ಕೋಶ ಕಸಿ ಬೇಕಿಲ್ಲ, ಮಾತ್ರೆ ಸಾಕು.

ಆ ಅಣುವನ್ನು ಹುಡುಕುವುದು ಹೇಗೆ? ಸಾವಿರ ಔಷಧ ಪರೀಕ್ಷಿಸಬೇಕಾದರೆ ಹೊದಿಕೆ ಹಾಕಲು ಕೋಶ ನಿಜವಾಗಿ ಸುತ್ತಿಕೊಂಡಿತೋ ಇಲ್ಲವೋ ಎಂಬುದು ತಟ್ಟನೆ ಕಾಣಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೋನಾ ಚಾನ್ ತಂಡ ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ಪಾರದರ್ಶಕ ಸಿಲಿಕಾದಲ್ಲಿ ಬುಡ ಅಗಲ, ತುದಿ ಚೂಪಾದ ಅತಿಸೂಕ್ಷ್ಮ ಕಂಬಗಳ ಸಾಲು ಮಾಡಿ, ಅದರ ನಡುವೆ ಎಳೆಯ ಕೋಶಗಳನ್ನು ಬಿಟ್ಟರು. ನರತಂತುವೇ ಇಲ್ಲದಿದ್ದರೂ ಕೋಶಗಳು ಕಂಬವನ್ನು ಅಪ್ಪಿ ಸುತ್ತಿಕೊಳ್ಳುತ್ತವೆ. ಮೇಲಿನಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸುತ್ತಿದ ಕಡೆಯೆಲ್ಲ ಬಳೆ ತೊಟ್ಟಂತೆ ಒಂದು ವೃತ್ತ. ವೃತ್ತ ಎಣಿಸಿದರೆ ಔಷಧದ ಗುಣ ತಿಳಿಯಿತು. ಈ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಔಷಧಕ್ಕಿಂತ ಮೊದಲಿನ ಈ ಹೆಜ್ಜೆ, ಕಾಣದ್ದನ್ನು ಎಣಿಸುವಂತೆ ಮಾಡಿದ್ದು.

2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮುಂದೆ ನಿಂತದ್ದು ಕ್ಲೆಮಾಸ್ಟಿನ್, ಅಲರ್ಜಿಗೆ ಕೊಡುವ ಹಳೆಯ ಮಾತ್ರೆ. ಕೋಶವನ್ನು ಎಳೆಯದಾಗಿಯೇ ತಡೆದಿಡುವ ಮಸ್ಕರಿನಿಕ್ ಎಂಬ ಗ್ರಾಹಿಯನ್ನು ಅದು ಮುಚ್ಚುತ್ತದೆ. ಅಂದರೆ ಔಷಧ ಬಲವಂತ ಮಾಡುವುದಿಲ್ಲ, ಅಡ್ಡಿ ತೆಗೆಯುತ್ತದೆ ಅಷ್ಟೇ. ಮುಂದಿನ ಕೆಲಸ ಕೋಶದ್ದೇ.

ಆಮೇಲೆ ಅದೇ ವಿಶ್ವವಿದ್ಯಾಲಯದ ಆರಿ ಗ್ರೀನ್ ನೇತೃತ್ವದಲ್ಲಿ 50 ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಅದರಲ್ಲಿ ಅಳೆದದ್ದು ಕಣ್ಣಿನ ಸಂಕೇತದ ವೇಗ: ಪರದೆಯ ಮೇಲೆ ಕಪ್ಪು ಬಿಳಿ ಚೌಕಗಳು ಅದಲುಬದಲಾಗುತ್ತವೆ. ಕಂಡದ್ದು ತಲೆಯ ಹಿಂಭಾಗ ತಲುಪಲು ಎಷ್ಟು ಹೊತ್ತು ಹಿಡಿಯಿತೆಂದು ಎಲೆಕ್ಟ್ರೋಡ್‌ಗಳು ಅಳೆಯುತ್ತವೆ. ಆರೋಗ್ಯವಂತರಲ್ಲಿ ಅದು ಸುಮಾರು 100 ಮಿಲಿಸೆಕೆಂಡ್, ಹೊದಿಕೆ ಹಾಳಾದವರಲ್ಲಿ ಇನ್ನೂ ತಡ. 2017ರ ವರದಿಯಂತೆ ಕ್ಲೆಮಾಸ್ಟಿನ್‌ನಿಂದ ಈ ವಿಳಂಬ ಪ್ರತಿ ಕಣ್ಣಿಗೆ 1.7 ಮಿಲಿಸೆಕೆಂಡ್ ತಗ್ಗಿತು. ಸಣ್ಣ ಸಂಖ್ಯೆಯೇ. ಆದರೂ ಹಳೆಯ ಗಾಯವೂ ದುರಸ್ತಿಗೆ ಬಗ್ಗೀತೆಂಬುದಕ್ಕೆ ಅದೊಂದು ಗಟ್ಟಿ ಸೂಚನೆ.

ಈ ಮಾತ್ರೆಯಿಂದ ಆಯಾಸ ಹೆಚ್ಚುತ್ತದೆ. ಮುಂದೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಕಾಯಿಲೆ ಏರುತ್ತಲೇ ಹೋಗುವ ಬಗೆಯ ಕೆಲವು ರೋಗಿಗಳ ಸ್ಥಿತಿ ಕ್ಲೆಮಾಸ್ಟಿನ್‌ನಿಂದ ಇನ್ನಷ್ಟು ಹದಗೆಟ್ಟು, ಅದನ್ನು ಕೊಡುವುದನ್ನೇ ನಿಲ್ಲಿಸಬೇಕಾಯಿತು. ಹಾಗಾಗಿ ಈ ಕಾಯಿಲೆಯವರು ಯಾರೂ ನರರೋಗ ತಜ್ಞರನ್ನು ಕೇಳದೆ ಇದನ್ನು ನುಂಗಬಾರದು.