ಫಾದರ್ ಕಾಲೇಜಿಗೆ ಹೊರಟ ಕಾಮೋಠೆಯ ಮಕ್ಕಳು

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ನವಿ ಮುಂಬೈಯ ಕಾಮೋಠೆಯ ಕನ್ನಡ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ. ಎಷ್ಟು ಬಂತು ಎಂದು ಮೊದಲ ದಿನ ಕೇಳುತ್ತಾರೆ, ಮರುದಿನದಿಂದ ಕಾಲೇಜು ಯಾವುದು ಎಂಬ ವಿಚಾರಣೆ ಶುರು. ಎಂಜಿಎಂ ವೈದ್ಯಕೀಯ ಕಾಲೇಜೇ ಇರುವ ಊರು ಇದು. ಆದರೂ ಹನ್ನೊಂದು, ಹನ್ನೆರಡನೆಯ ತರಗತಿಯ ಮಾತು ಬಂದರೆ ಅನೇಕ ಅಪ್ಪ ಅಮ್ಮಂದಿರ ಕಣ್ಣು ಹಾರ್ಬರ್ ಲೈನಿನಲ್ಲಿ ಏಳು ಸ್ಟೇಷನ್ ಆಚೆಯ ವಾಶಿಯ ಮೇಲೆ. ‘ಫಾದರ್ ಆಗ್ನೆಲ್‌ನಲ್ಲಿ ಸೀಟ್ ಆದ್ರೆ ಸಾಕು ಮಾರಾಯ್ರೇ’ ಎಂಬ ಮಾತನ್ನು ಮಾನಸರೋವರ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲೂ ಕೇಳಬಹುದು, ಮದುವೆ ಊಟದ ಪಂಕ್ತಿಯಲ್ಲೂ ಕೇಳಬಹುದು.

ಈ ಆಸೆಯ ಬೇರು ವಾಶಿಯಲ್ಲಿಲ್ಲ, ಬಿಟ್ಟುಬಂದ ಕರಾವಳಿಯ ಊರಲ್ಲಿದೆ. ಇವರ ಅಜ್ಜಂದಿರಲ್ಲಿ ಹಲವರು ಉಡುಪಿ ಹೋಟೆಲುಗಳಲ್ಲಿ ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕೂತು ಮೆಟ್ರಿಕ್ ಕಟ್ಟಿದವರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಮುಂಬೈಯಲ್ಲಿ ಅಂಥವರಿಗಾಗಿ ರಾತ್ರಿ ಶಾಲೆ ನಡೆಸಿದವು. ಆ ತಲೆಮಾರಿಗೆ ‘ಒಳ್ಳೆಯ ಕಾಲೇಜು’ ಎಂದರೆ ಮಂಗಳೂರಿನ ಲೈಟ್‌ಹೌಸ್ ಗುಡ್ಡದ ಮೇಲಿನ ಸಂತ ಅಲೋಶಿಯಸ್, ಹುಡುಗಿಯರಿಗೆ ಸಂತ ಆಗ್ನೆಸ್. ತಮಗೆ ಹತ್ತಲಾಗದ ಆ ಗುಡ್ಡವನ್ನು ಮೊಮ್ಮಕ್ಕಳು ಹತ್ತಲಿ ಎಂಬ ಹಂಬಲವೇ ಈಗ ವಾಶಿಯ ಲೋಕಲ್ ಹತ್ತಿದೆ.

ಫಾದರ್‌ಗಳೆಲ್ಲ ಒಂದೇ ಮಠದವರಲ್ಲ ಎಂಬುದನ್ನೂ ಹೇಳಬೇಕು. ಅಲೋಶಿಯಸ್ ಜೆಸುಯಿಟರದು. ವಾಶಿಯ ಆಗ್ನೆಲ್ ಸಂಸ್ಥೆಗಳು ಗೋವಾದ ಪಿಲಾರ್ ಮೂಲದ ಪಾದ್ರಿಗಳವು. ಆ ಹೆಸರಿನ ಆಗ್ನೆಲೊ ಡಿಸೋಜ 1869ರಲ್ಲಿ ಗೋವಾದ ಅಂಜುನಾದಲ್ಲಿ ಹುಟ್ಟಿ, ನಮ್ಮ ಕುಮಟಾ ಕಡೆಯೂ ಕೆಲಸ ಮಾಡಿ, 1927ರಲ್ಲಿ ತೀರಿಕೊಂಡವರು. ಅವರ ಹೆಸರಿನ ವಾಶಿಯ ಶಾಲೆಯ ಫಲಕದಲ್ಲಿ ‘ಮಲ್ಟಿಪರ್ಪಸ್’ ಎಂಬ ಮಾತೂ ಇದೆ. ಕೈಕಸುಬು, ತಾಂತ್ರಿಕ ಶಿಕ್ಷಣ ಈ ಪಾದ್ರಿಗಳ ಒಲವು. ಜೆಸುಯಿಟರ ಒಲವು ಭಾಷೆ ಮತ್ತು ವಾದದ ಕಡೆಗೆ. 1599ರಲ್ಲಿ ಅವರು ಹೊರಡಿಸಿದ ‘ರಾಶಿಯೋ ಸ್ಟುಡಿಯೋರಂ’ ಎಂಬ ಪಾಠಕ್ರಮದಲ್ಲಿ ಪಾಠ ಒಪ್ಪಿಸುವುದು, ಚರ್ಚೆ, ನಾಟಕ, ಪ್ರಬಂಧ ಬರೆಸುವುದು ಎಲ್ಲಕ್ಕೂ ಜಾಗವಿತ್ತು.

1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸುಯಿಟರು 1880ರ ಜನವರಿಯಲ್ಲೇ ಕಾಲೇಜು ತೆರೆದರು. ಆ ತಂಡದಲ್ಲಿದ್ದ ಇಟಲಿಯ ಆಂಜೆಲೊ ಮಾಫೆಯಿ ಕೆಲವೇ ವರ್ಷಗಳಲ್ಲಿ ಕೊಂಕಣಿ ವ್ಯಾಕರಣ ಬರೆದರು, 1883ರಲ್ಲಿ ಇಂಗ್ಲಿಷ್–ಕೊಂಕಣಿ ನಿಘಂಟು ತಂದರು. ಯಾವ ಪರೀಕ್ಷೆಯೂ ಅದನ್ನು ಕೇಳಿರಲಿಲ್ಲ. ಮುಂದೆ ಅದೇ ಅಲೋಶಿಯಸ್‌ನಲ್ಲಿ ಸೇಡಿಯಾಪು ಕೃಷ್ಣಭಟ್ಟರು ಕನ್ನಡ ಕಲಿಸಿದರು. ಛಂದಸ್ಸು, ಶಬ್ದಾರ್ಥಗಳ ಬಗ್ಗೆ ಅವರಷ್ಟು ನಿಷ್ಠುರವಾಗಿ ಯೋಚಿಸಿದವರು ಕನ್ನಡದಲ್ಲಿ ಬೆರಳೆಣಿಕೆ. ಸಂತ ಆಗ್ನೆಸ್‌ನ ಹುಡುಗಿಯರಿಗೆ ಕನ್ನಡ ಹೇಳಿಕೊಟ್ಟವರು ಕಡೆಂಗೋಡ್ಲು ಶಂಕರಭಟ್ಟರು. ವೈದಿಕ ಮನೆತನದ ಪಂಡಿತರನ್ನು ಶಿಲುಬೆಯ ಕೆಳಗಿನ ಕರಿಹಲಗೆಯ ಮುಂದೆ ನಿಲ್ಲಿಸಿ, ನಿಮಗೆ ತಿಳಿದಂತೆ ಪಾಠ ಮಾಡಿ ಎಂದು ಬಿಟ್ಟ ಧೈರ್ಯ ಆ ಪಾದ್ರಿ, ಸಿಸ್ಟರ್‌ಗಳದು.

ಮುಂಬೈಯ ಸಂತ ಝೇವಿಯರ್ ಕಾಲೇಜು ಇನ್ನೂ ಹಳೆಯದು, 1869ರದ್ದು. ಅಲ್ಲಿಗೆ 1922ರಲ್ಲಿ ಬಂದ ಸ್ಪೇನಿನ ಜೆಸುಯಿಟ್ ಹೆನ್ರಿ ಹೆರಾಸ್ ನಮ್ಮ ವಿಜಯನಗರದ ಬೆನ್ನು ಹತ್ತಿದರು. 1927ರಲ್ಲಿ ಅರವೀಡು ವಂಶದ ಮೇಲೆ, 1929ರಲ್ಲಿ ವಿಜಯನಗರದ ಆರಂಭದ ಮೇಲೆ ಅವರ ಪುಸ್ತಕಗಳು ಬಂದವು. ಹೆರಾಸರ ತೀರ್ಮಾನಗಳನ್ನು ಒಪ್ಪದ ನಮ್ಮ ಇತಿಹಾಸಕಾರರು ಕಡಿಮೆಯೇನಲ್ಲ. ಆದರೆ ಧೋಬಿ ತಲಾವ್‌ನ ಕಾಲೇಜೊಂದರಲ್ಲಿ ಕೂತು ಹಂಪಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೇಷ್ಟ್ರಿದ್ದರು ಎಂಬುದು ನನಗೆ ಮುಖ್ಯ. ಪರೀಕ್ಷೆ ಕೇಳದ ವಿದ್ಯೆಗೂ ಒಂದು ಕೋಣೆ, ಒಬ್ಬ ಮೇಷ್ಟ್ರು, ಒಂದಿಷ್ಟು ಸಮಯ ಇಟ್ಟದ್ದರಿಂದಲೇ ಈ ಕಾಲೇಜುಗಳಿಗೆ ಹೆಸರು ಬಂತು. ಶಿಸ್ತು, ಟೈ, ಇಂಗ್ಲಿಷ್ ಎಲ್ಲ ಆಮೇಲಿನ ಮಾತು.

ಈಗ ಕಾಮೋಠೆಯ ಹುಡುಗಿಯೊಬ್ಬಳ ದಿನ ನೋಡಿ. ಮಹಾರಾಷ್ಟ್ರದ ಎಚ್‌ಎಸ್‌ಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ ಥಿಯರಿ 70, ಪ್ರಾಕ್ಟಿಕಲ್ 30 ಅಂಕ. ಜರ್ನಲ್ ಬರೆಯಬೇಕು, ಸಹಿ ಹಾಕಿಸಬೇಕು. ಇಂಜಿನಿಯರಿಂಗ್‌ಗೆ ಎಂಎಚ್‌ಟಿ-ಸಿಇಟಿ, ಐಐಟಿ ಕನಸಿದ್ದರೆ ಜೆಇಇ, ಡಾಕ್ಟರಿಗೆ 720 ಅಂಕಗಳ ನೀಟ್. ಜೆಇಇ ಪಾಸಾದರೂ ಐಐಟಿ, ಎನ್‌ಐಟಿ ಸೀಟಿಗೆ ಹನ್ನೆರಡನೆಯದರಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 75ರ ನಿಯಮವೂ ಉಂಟು. ಇವೆಲ್ಲ ಒಂದೇ ಹುಡುಗಿಯ ಹೆಗಲ ಮೇಲೆ, ಎರಡೇ ವರ್ಷದಲ್ಲಿ. ಹಾಗಾಗಿ ‘ಕಾಲೇಜಿಗೆ ಯಾಕೆ ದಿನಾ ಹೋಗ್ಬೇಕು, ಕ್ಲಾಸಿಗೆ ಹೋದ್ರೆ ಸಾಕು’ ಎಂಬ ಜಾಣತನ ಹುಟ್ಟಿತು. ಕೋಚಿಂಗ್ ಕ್ಲಾಸಿನವರೇ ಯಾವುದೋ ಜೂನಿಯರ್ ಕಾಲೇಜಿನ ಜೊತೆ ಒಪ್ಪಂದ ಮಾಡಿಕೊಂಡು, ಹಾಜರಿ ಅಲ್ಲಿ, ಪಾಠ ಇಲ್ಲಿ ಎನ್ನುವ ‘ಇಂಟಿಗ್ರೇಟೆಡ್’ ವ್ಯವಸ್ಥೆ ಬೆಳೆಯಿತು. ಇದನ್ನು ತಡೆಯಲು ರಾಜ್ಯ ಸರ್ಕಾರ 2018ರಲ್ಲಿ ವಿಜ್ಞಾನ ವಿಭಾಗದ ಜೂನಿಯರ್ ಕಾಲೇಜುಗಳಿಗೆ ಬಯೋಮೆಟ್ರಿಕ್ ಹಾಜರಿಯ ಆದೇಶ ಹೊರಡಿಸಿತು. ಹದಿನಾರು ತುಂಬದವರನ್ನು ಕೋಚಿಂಗಿಗೆ ಸೇರಿಸಿಕೊಳ್ಳಬಾರದೆಂದು 2024ರ ಜನವರಿಯಲ್ಲಿ ಕೇಂದ್ರವೂ ಮಾರ್ಗಸೂಚಿ ತಂದಿತು. ಬೆರಳು ಒತ್ತಿಸುವ ಯಂತ್ರ ಹುಡುಗರನ್ನು ಕಾಲೇಜಿನ ಬಾಗಿಲವರೆಗೆ ತರಬಹುದು, ಅಷ್ಟೇ.

ಭಾಷೆಯ ಕಥೆ ಇನ್ನೂ ಬೇಸರದ್ದು. ವಿಜ್ಞಾನ ತೆಗೆದುಕೊಂಡವರಲ್ಲಿ ಬಹಳ ಮಂದಿ ‘ಬೈಫೋಕಲ್’ ಆರಿಸುತ್ತಾರೆ. ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್, 200 ಅಂಕದ ವಿಷಯ. ಅದು ಬಂತೆಂದರೆ ಎರಡನೆಯ ಭಾಷೆ ಹೋಯಿತು. ಕನ್ನಡ ಬಿಡಿ, ಮರಾಠಿ, ಹಿಂದಿಯೂ ಹದಿನೈದನೆಯ ವಯಸ್ಸಿಗೆ ಮುಗಿಯಿತು. ಬೈಫೋಕಲ್ ಬೇಡವೆಂದವರಲ್ಲೂ ಅಂಕ ಸಿಗುತ್ತದೆಂದು ಫ್ರೆಂಚ್ ಹಿಡಿಯುವವರಿದ್ದಾರೆ. ಕನ್ನಡವೂ ಎಚ್‌ಎಸ್‌ಸಿ ಮಂಡಳಿಯ ಭಾಷಾಪಟ್ಟಿಯಲ್ಲಿದೆ ಎಂಬುದು ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತು? ಮಂಗಳೂರಿನಿಂದ ಬಂದ ಕ್ಯಾಥೊಲಿಕ್ ಮನೆಗಳಲ್ಲಿ ಹಿರಿಯರು ಇವತ್ತಿಗೂ ಕನ್ನಡ ಲಿಪಿಯಲ್ಲಿ ಕೊಂಕಣಿ ಓದುತ್ತಾರೆ. 1938ರಿಂದ ಬರುತ್ತಿರುವ ‘ರಾಕ್ಣೊ’ ವಾರಪತ್ರಿಕೆಯ ಲಿಪಿ ಅದೇ. ಇಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳಲ್ಲಿ ಆ ಅಕ್ಷರ ಬಲ್ಲವರು ಅಪರೂಪ.

ಸೀಟಿನ ಲೆಕ್ಕವನ್ನೂ ಬಿಡಿಸಿ ಹೇಳುವುದು ಒಳ್ಳೆಯದು. ಸಂವಿಧಾನದ 30ನೆಯ ವಿಧಿಯಡಿ ಅಲ್ಪಸಂಖ್ಯಾತರ ಕಾಲೇಜು ಹನ್ನೊಂದನೆಯ ತರಗತಿಯ ಅರ್ಧದಷ್ಟು ಸೀಟುಗಳನ್ನು ತನ್ನವರಿಗೆ ಇಟ್ಟುಕೊಳ್ಳಬಹುದು. ಇನ್‌ಹೌಸ್, ಮ್ಯಾನೇಜ್‌ಮೆಂಟ್ ಕೋಟಾ ಬೇರೆ. ಕಾಮೋಠೆಯ ಡಿಸೋಜರ ಮಗಳಿಗೆ ತೆರೆಯುವ ಬಾಗಿಲು ಶೆಟ್ಟರ ಮಗಳಿಗೆ ತೆರೆಯದಿದ್ದರೆ ಗೊಣಗಬೇಕಿಲ್ಲ, ಏಕೆಂದರೆ ಅದೇ ವಿಧಿ ಭಾಷಾ ಅಲ್ಪಸಂಖ್ಯಾತರಾದ ನಮಗೂ ಉಂಟು. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಮತ್ತು ಕಾಲೇಜು, ಪೊವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಸಂಸ್ಥೆಗಳು ನಮ್ಮವರೇ ಕಟ್ಟಿದವು. ಅಲ್ಲಿ ಕನ್ನಡದ ಮೇಷ್ಟ್ರಿಗೆ ಸೇಡಿಯಾಪು ಅವರಿಗೆ ಸಿಕ್ಕಷ್ಟು ಗೌರವ, ಸಮಯ ಸಿಗುತ್ತದೆಯೇ ಎಂದು ಕೇಳುವ ಹಕ್ಕು ನಮಗೆ ಫಾದರ್ ಕಾಲೇಜಿಗಿಂತ ಅಲ್ಲೇ ಹೆಚ್ಚು.

ಈ ಓಟದಲ್ಲಿ ಹೆಸರೇ ಇಲ್ಲದ ಕನ್ನಡ ಮಕ್ಕಳೂ ಇದ್ದಾರೆ. ನವಿ ಮುಂಬೈಯ ಕಟ್ಟಡಗಳಿಗೆ ಕಲ್ಲು, ಸಿಮೆಂಟು ಹೊತ್ತ ಕಲಬುರ್ಗಿ, ವಿಜಯಪುರ ಕಡೆಯ ಕೂಲಿಕಾರರ ಮಕ್ಕಳು ಅವರು. ಕಟ್‌ ಆಫ್ ಪಟ್ಟಿಯ ಚರ್ಚೆ ಅವರ ಶೆಡ್‌ವರೆಗೆ ಮುಟ್ಟುವುದಿಲ್ಲ. ಅದು ಇನ್ನೊಂದು ಲೇಖನದ ವಿಷಯ.

ಮುಂದಿನ ಜೂನ್‌ನಲ್ಲಿ ಆನ್‌ಲೈನ್ ಅರ್ಜಿಯ ಎರಡನೆಯ ಭಾಗದಲ್ಲಿ ಕಾಲೇಜುಗಳ ಹೆಸರು ತುಂಬುವ ಮೊದಲು, ಕಾಮೋಠೆಯ ಅಪ್ಪ ಅಮ್ಮಂದಿರು ಒಂದು ಕೆಲಸ ಮಾಡಲಿ. ಯಾವುದಾದರೂ ವಾರದ ದಿನ, ಮಧ್ಯಾಹ್ನದ ಹೊತ್ತು ಆ ಕಾಲೇಜಿಗೆ ಹೋಗಿ ಲ್ಯಾಬ್‌ನಲ್ಲಿ ಹುಡುಗರಿದ್ದಾರೆಯೇ, ಲೈಬ್ರರಿಯ ಬಾಗಿಲು ತೆರೆದಿದೆಯೇ ನೋಡಿ, ಕನ್ನಡ ತೆಗೆದುಕೊಳ್ಳಲು ಅವಕಾಶವಿದೆಯೇ ಎಂದು ಆಫೀಸಿನಲ್ಲಿ ಕೇಳಿ. ಅರ್ಜಿ ಆಮೇಲೆ ತುಂಬಿದರಾಯಿತು.