ಶೋಕೇಸಿನ ಹಳೇ ಸಿನಿಮಾ ಎಸೆಯಬೇಡಿ!

ಮನೆ ಕ್ಲೀನ್ ಮಾಡುವಾಗ ಹಳೇ ವಿಸಿಡಿಗಳ ಡಬ್ಬ ಸಿಕ್ಕಿತಾ? ಗುಜರಿಗೆ ಹಾಕುವ ಮುಂಚೆ ಒಂದು ನಿಮಿಷ ತಾಳಿ.

ಹಿರೇಗುತ್ತಿಯ ನಮ್ಮತ್ತೆ ಪೇಟೆಗೆ ಹೋದಾಗಲೆಲ್ಲ ಒಂದೊಂದು ಹಳೇ ಕನ್ನಡ ಸಿನಿಮಾ ತರುತ್ತಿದ್ದರು. 2000ರ ದಶಕದ ಕೊನೆಗೆ ಮೋಸರ್ ಬೇರ್ ಕಂಪೆನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರಿದ ಕಾಲ ಅದು. ಕಳೆದ ಮಳೆಗಾಲದಲ್ಲಿ ಅವರ ಇಷ್ಟದ ‘ನಾಂದಿ’ (1964) ಹಾಕಿದರೆ ಎರಡನೇ ಡಿಸ್ಕ್ ಓಡಲೇ ಇಲ್ಲ! ಕಿವಿ ಕೇಳದ, ಮಾತು ಬಾರದ ಹೆಣ್ಣಿನ ಸಂಸಾರದ ಕಥೆ ಅರ್ಧಕ್ಕೇ ನಿಂತಿತು. ನಾನು ಎಸೆಯಲು ಹೊರಟರೆ, ‘ಬಿಸಾಡಬೇಡ ಮಾರಾಯ್ತಿ, ಒರೆಸಿ ನೋಡುವ’ ಎಂದರು. ಒರೆಸಿದ ಮೇಲೆ ಓಡಿತು.

ಎಲ್ಲಾ ಯೂಟ್ಯೂಬಲ್ಲಿ ಸಿಗುತ್ತಲ್ಲ ಅಂತೀರಾ? ಹೆಸರಾದ ಚಿತ್ರಗಳು ಸಿಗಬಹುದು, ಎಲ್ಲವೂ ಅಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಒಂದು ಪ್ರತಿಯೂ ಉಳಿದಿಲ್ಲ. ಅದೇ ‘ಘಟಶ್ರಾದ್ಧ’ (1977) ಜೋಪಾನವಾಗಿ ದುರಸ್ತಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಕಾಪಾಡಿದವರಿದ್ದರೆ ಮಾತ್ರ ಉಳಿಯುತ್ತದೆ, ಅಷ್ಟೆ.

ಹೀಗೆ ಮಾಡಿ

* ಒಂದು ವಿಸಿಡಿಯಲ್ಲಿ ಹಿಡಿಯುವುದು ಸುಮಾರು 80 ನಿಮಿಷ. ಹಾಗಾಗಿ ಒಂದು ಸಿನಿಮಾಕ್ಕೆ ಎರಡು, ಮೂರು ಡಿಸ್ಕ್ ಇರುತ್ತವೆ. ಹಳೇ ಮಾಲು ಕೊಳ್ಳುವಾಗ ಎಲ್ಲಾ ಇವೆಯೇ ಎಣಿಸಿ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಕಂಡರೆ ಬೇಡ.

* ಬೂಷ್ಟು, ಕೊಳೆ ಇದ್ದರೆ ಸೋಪಿನ ತಿಳಿನೀರಲ್ಲಿ ಮೆತ್ತನೆ ಹತ್ತಿ ಬಟ್ಟೆ ಅದ್ದಿ ಒರೆಸಿ. ಸುತ್ತ ತಿರುಗಿಸಿ ಉಜ್ಜಬೇಡಿ. ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ, ನೆರಳಲ್ಲಿ ಒಣಗಿಸಿ.

* ವಿಸಿಡಿಯ ಹೆಸರು ಅಚ್ಚಾದ ಬದಿಯೇ ಹೆಚ್ಚು ನಾಜೂಕು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಲೇಬೇಡಿ.

* ಕರಾವಳಿಯ ತೇವಕ್ಕೆ ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಿಸಿಲು, ಒಲೆಯ ಬಿಸಿ ದೂರವಿರಲಿ.

* ವಿಡಿಯೋ ಕ್ಯಾಸೆಟ್ಟಿನೊಳಗೆ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ. ಅದರ ಹೆಡ್ ಕೆಡುತ್ತದೆ.

* ಈಗಿನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವಿಲ್ಲದಿದ್ದರೆ ಯುಎಸ್‌ಬಿ ಡಿವಿಡಿ ಡ್ರೈವ್ ಸಿಗುತ್ತದೆ. ವಿಸಿಡಿಯ ‘ಎಂಪೆಗ್ಎವಿ’ ಫೋಲ್ಡರಿನಲ್ಲಿರುವ ದೊಡ್ಡ ಫೈಲೇ ಸಿನಿಮಾ. ಮನೆಯವರು ನೋಡಲು ಮಾತ್ರ ಎರಡು ಕಡೆ ಕಾಪಿ ಇಡಿ, ಮಾರಬೇಡಿ.

ಈ ಭಾನುವಾರ ಮಕ್ಕಳನ್ನೂ ಕೂರಿಸಿಕೊಂಡು ಒಂದು ಡಿಸ್ಕ್ ಹಾಕಿ. ‘ಇದನ್ನ ಯಾವಾಗ ನೋಡಿದ್ರಿ ಅತ್ತೆ?’ ಅಂತ ಕೇಳಿ. ಸಿನಿಮಾ ಜೊತೆಗೆ ಅವರ ಕಥೆಯೂ ಸಿಗುತ್ತದೆ!